ಸರ್ ಪ್ಯಾಟ್ರಿಕ್ ಗೆಡ್ಡಿಸ್ ಪಂಡಿತರ ಜೀವನವೃತ್ತಾಂತ

ವಿದ್ಯೆಯೆಂಬುದು ಪುಸ್ತಕದಲ್ಲಿ ಮಾತ್ರ ಅಡಗಿಕೊಂಡಿರುವುದಿಲ್ಲವೆಂಬುದನ್ನು ಎಲ್ಲರೂ ಬಾಯಿಂದ ಒಪ್ಪುತ್ತಾರೆ. ಆದರೆ ಪರೀಕ್ಷೆಯು ಸಮೀಪಿಸಿದೊಡನೆ ಆ ಮಾತನ್ನು ಮರೆತುಬಿಡುವುದು ಲೋಕರೂಢಿ. ನಮ್ಮ ಶಾಲೆಯನ್ನು ಬಿಟ್ಟು ಕಾಲೇಜುಗಳಿಗೆ ಹೋಗಿರುವ ಹುಡುಗಿಯರಲ್ಲಿ ಕೆಲವರು ಈಗ ಬೇರೆ ಬೇರೆ ಶಾಸ್ತ್ರಗಳನ್ನು ಓದುವ, ಬೇರೆ ಬೇರೆ ಸೀಮೆಗಳಿಂದ ಬಂದ ಸಹಪಾಠಿಗಳೊಡನೆ ಗುಂಪುಗೂಡಿ, ಒಂದು ಕೆರೆಯನ್ನೋ ಬೀದಿಯನ್ನೋ ಪೇಟೆಯನ್ನೋ ಪರಿಶೋಧಿಸುವ ಕೆಲಸಕ್ಕೆ ನಿಯಮಿತರಾಗುತ್ತಾರೆ. ಅವರು ಸಂಜೆಗೆ ಧೂಳು ಮೆತ್ತಿದ ಕಾಲುಗಳೊಡನೆ ಮನೆಗೆ ಬಂದಾಗ, ಇದು ವಿದ್ಯಾಭ್ಯಾಸವೋ ಕಾಲಹರಣವೋ ಎಂಬ ಶಂಕೆಯು ತಂದೆತಾಯಿಗಳಿಗೆ ಉಂಟಾಗುವುದು ಸಹಜವೇ ಆಗಿದೆ. ಈ ಶಂಕೆಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಮಹನೀಯರ ಜೀವಿತದಿಂದ ಉತ್ತರ ಕೊಡುವುದು ಲೇಸೆಂದು ಎಣಿಸಿ, ಸರ್ ಪ್ಯಾಟ್ರಿಕ್ ಗೆಡ್ಡಿಸ್ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ. ಇವರ ಹೆಸರು ಪಟ್ಟಣಗಳ ರಚನಾಶಾಸ್ತ್ರವನ್ನು ಬಲ್ಲವರೆಲ್ಲರಿಗೂ ಪರಿಚಿತವಾದದ್ದು. ಆದರೆ ಇವರು ಮೊದಲಿನಿಂದ ಕಡೆಯ ತನಕ ಉಪಾಧ್ಯಾಯರಾಗಿಯೇ ಇದ್ದರೆಂಬುದನ್ನು ಬಲ್ಲವರು ಸ್ವಲ್ಪವೇ ಮಂದಿ.

ಪ್ಯಾಟ್ರಿಕ್ ಗೆಡ್ಡಿಸ್ ಅವರು 1854ನೆಯ ಇಸವಿ ಅಕ್ಟೋಬರ್ 2ನೆಯ ತಾರೀಖಿನಲ್ಲಿ ಸ್ಕಾಟ್ಲೆಂಡ್ ದೇಶದ ಬ್ಯಾಲಟರ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಹದಿನೈದು ವರ್ಷಗಳ ತರುವಾಯ ಅದೇ ತಿಂಗಳ ಅದೇ ದಿನದಲ್ಲಿ ಪೋರಬಂದರದಲ್ಲಿ ಗಾಂಧೀಜಿಯವರು ಜನಿಸಿದ್ದರಿಂದ ನಮ್ಮ ದೇಶದವರಿಗೆ ಆ ದಿನವು ಮರೆಯತಕ್ಕದ್ದಲ್ಲ. ತಂದೆಯಾದ ಅಲೆಕ್ಸಾಂಡರರು ಸೈನ್ಯದಲ್ಲಿ ಸೇವೆ ಮಾಡಿದವರು. ಮಗನು ಇನ್ನೂ ಎಳೆಯನಾಗಿರುವಾಗಲೇ ಕುಟುಂಬವು ಪರ್ತ್ ಪಟ್ಟಣದ ಬಳಿಯಿರುವ ಕಿನೂಲ್ ಗುಡ್ಡದ ಮೇಲಣ ಒಂದು ಕುಟೀರಕ್ಕೆ ಬಂದು ನೆಲಸಿತು. ಆ ಮನೆಯ ಸುತ್ತಲೂ ತೋಟವಿತ್ತು. ಕೆಳಗೆ ನೋಡಿದರೆ ನದಿಯೂ ಹೊಲಗಳೂ ಪಟ್ಟಣದ ಮಾಳಿಗೆಗಳೂ ಒಂದೇ ನೋಟಕ್ಕೆ ಕಾಣುತ್ತಿದ್ದವು. ತಂದೆಯು ಬಾಲಕನನ್ನು ಕರೆದುಕೊಂಡು ಗುಡ್ಡದಲ್ಲಿ ತಿರುಗಾಡುತ್ತ, ತೋಟದಲ್ಲಿ ನೆಡುತ್ತ, ಕೀಳುತ್ತ, ಗಿಡಗಳ ಹೆಸರನ್ನೂ ಕಲ್ಲುಗಳ ಗುಣವನ್ನೂ ತೋರಿಸಿಕೊಡುತ್ತಿದ್ದರು. ಎತ್ತರದಲ್ಲಿ ನಿಂತು ಸೀಮೆಯನ್ನೆಲ್ಲ ಒಟ್ಟಾಗಿ ನೋಡುವುದು, ಆಮೇಲೆ ಇಳಿದುಹೋಗಿ ಒಂದೊಂದನ್ನು ಮುಟ್ಟಿ ತಿಳಿಯುವುದು, ಈ ಎರಡು ಅಭ್ಯಾಸಗಳೂ ಅವರಿಗೆ ಅಲ್ಲಿಯೇ ಉಂಟಾದವು. ಮುಂದೆ ಅವರು ಮಾಡಿದ್ದರಲ್ಲೆಲ್ಲ ಈ ಎರಡರ ಗುರುತು ಕಾಣುತ್ತದೆ.

ಶಾಲೆಯ ವಿದ್ಯಾಭ್ಯಾಸವು ಮುಗಿದ ಮೇಲೆ ಅವರು ಒಂದು ವರ್ಷಕ್ಕೆ ಮೇಲ್ಪಟ್ಟು ಪರ್ತಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದರು. 1874ರಲ್ಲಿ ಸಸ್ಯಶಾಸ್ತ್ರವನ್ನು ಕಲಿಯಬೇಕೆಂದು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಹೋದರು. ಆದರೆ ಅಲ್ಲಿ ಒಣಗಿಸಿದ ಸಸ್ಯಗಳ ಹೆಸರುಗಳನ್ನು ಬಾಯಿಪಾಠ ಮಾಡುವುದೇ ವಿದ್ಯೆಯೆನ್ನಿಸಿಕೊಂಡಿದ್ದುದನ್ನು ಕಂಡು ಒಂದು ವಾರದೊಳಗೆ ಅದನ್ನು ಬಿಟ್ಟುಬಿಟ್ಟರು. ಅಲ್ಲಿಂದ ಲಂಡನ್ ನಗರಕ್ಕೆ ಹೋಗಿ, ಪ್ರಸಿದ್ಧ ಜೀವಶಾಸ್ತ್ರಜ್ಞರಾದ ಹಕ್ಸ್‌ಲಿಯವರ ಶಿಷ್ಯರಾಗಿ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದರು. ಒಮ್ಮೆ ಲಂಡನ್ನಿನ ಮತ್ತೊಂದು ಪ್ರಯೋಗಶಾಲೆಯಲ್ಲಿ ಅವರಿದ್ದಾಗ ವೃದ್ಧರಾದ ಚಾರ್ಲ್ಸ್ ಡಾರ್ವಿನ್ನರು ಅಲ್ಲಿಗೆ ಬಂದು, ತರುಣ ಗೆಡ್ಡಿಸರ ಸೂಕ್ಷ್ಮದರ್ಶಕ ಯಂತ್ರದೊಳಗೆ ಈಜಾಡುತ್ತಿದ್ದ ಅತ್ಯಲ್ಪ ಜೀವಿಗಳನ್ನು ನೋಡಿ ಮಗುವಿನಂತೆ ಹಿಗ್ಗಿದರೆಂಬ ಸಂಗತಿಯನ್ನು ಅವರು ಜೀವಮಾನವೆಲ್ಲ ನೆನಸುತ್ತಿದ್ದರು. ವಿಚಿತ್ರವೇನೆಂದರೆ, ಮುಂದೆ ಎರಡು ವಿಶ್ವವಿದ್ಯಾಪೀಠಗಳಲ್ಲಿ ಪ್ರೊಫೆಸರ್ ಪದವಿಯನ್ನು ವಹಿಸಿದ ಇವರು ಪರೀಕ್ಷೆ ಕೊಟ್ಟು ಯಾವ ವಿಶ್ವವಿದ್ಯಾನಿಲಯದ ಪದವಿಯನ್ನೂ ಪಡೆದವರಲ್ಲ.

1878ರಲ್ಲಿ ಅವರು ಫ್ರಾನ್ಸ್ ದೇಶದ ಕಡಲ ತೀರದಲ್ಲಿರುವ ರಾಸ್ಕಾಫ್ ಎಂಬಲ್ಲಿಗೆ ಹೋಗಿ ಸಮುದ್ರಜೀವಿಗಳನ್ನು ಶೋಧಿಸಿದರು. ತರುವಾಯ ಪ್ಯಾರಿಸಿನಲ್ಲಿ ಕಲಿತರು. ಅಲ್ಲಿ ಲ ಪ್ಲೇ ಎಂಬ ಪಂಡಿತರ ಮತವು ಅವರ ಮನಸ್ಸನ್ನು ಸೆಳೆಯಿತು. ಒಂದು ಜನಾಂಗವನ್ನು ತಿಳಿಯಬೇಕಾದರೆ ಅವರಿರುವ ಸ್ಥಳ, ಅವರು ಮಾಡುವ ಕೆಲಸ, ಅವರ ಕುಟುಂಬ ಈ ಮೂರನ್ನೂ ಕೂಡಿಸಿ ನೋಡಬೇಕೆಂಬುದೇ ಆ ಮತದ ಸಾರ. ಗೆಡ್ಡಿಸರು ಅದನ್ನು ಸ್ಥಳ, ಕೆಲಸ, ಜನ ಎಂದು ತಮ್ಮ ಮೂಲಸೂತ್ರವನ್ನಾಗಿ ಮಾಡಿಕೊಂಡರು. ಸ್ಥಳವನ್ನು ಭೂಗೋಳದವನೂ, ಕೆಲಸವನ್ನು ಅರ್ಥಶಾಸ್ತ್ರದವನೂ, ಜನರನ್ನು ಸಮಾಜಶಾಸ್ತ್ರದವನೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಕಲಿತರೆ ಮೂವರಿಗೂ ಸಿಕ್ಕುವುದು ತುಂಡು ಮಾತ್ರ. ಜೀವವುಳ್ಳ ಊರು ಒಬ್ಬನಿಗೂ ಸಿಕ್ಕುವುದಿಲ್ಲ.

1879ರಲ್ಲಿ ಅವರಿಗೆ ಒಂದು ದೊಡ್ಡ ಸಂಕಟವು ಬಂದೊದಗಿತು. ಶಾಸ್ತ್ರಶೋಧನೆಗಾಗಿ ಮೆಕ್ಸಿಕೋ ದೇಶಕ್ಕೆ ಹೋಗಿದ್ದಾಗ ಕಣ್ಣಿನ ವ್ಯಾಧಿಯಿಂದ ದೃಷ್ಟಿಯೇ ಕೆಟ್ಟು, ಅನೇಕ ವಾರಗಳ ತನಕ ಕಣ್ಣು ಕಟ್ಟಿಕೊಂಡು ಕತ್ತಲೆಯ ಕೋಣೆಯಲ್ಲಿ ಇರಬೇಕಾಯಿತು. ಸೂಕ್ಷ್ಮದರ್ಶಕದಿಂದಲೇ ಜೀವನ ಮಾಡಬೇಕೆಂದಿದ್ದವನಿಗೆ ಇದಕ್ಕಿಂತ ಕ್ರೂರವಾದ ಪೆಟ್ಟು ಬೇರೆ ಯಾವುದು? ಅವರು ಕಿಟಕಿಯ ಗಾಜಿನ ಚೌಕಗಳನ್ನು ಬೆರಳಿಂದ ತಡವುತ್ತ, ಒಂದೊಂದು ಚೌಕಕ್ಕೆ ಒಂದೊಂದು ವಿಷಯವನ್ನು ಇಟ್ಟು, ಅಡ್ಡಲಾಗಿಯೂ ಉದ್ದಲಾಗಿಯೂ ಅವುಗಳ ಸಂಬಂಧವನ್ನು ಆಲೋಚಿಸಿದರು. ಆ ಬಳಿಕ ಕಾಗದವನ್ನು ಚೌಕಗಳಾಗಿ ಮಡಿಸಿ ಶಾಸ್ತ್ರಗಳನ್ನು ಒಂದಕ್ಕೊಂದು ಜೋಡಿಸುವುದು ಅವರ ಜೀವಮಾನದ ಪದ್ಧತಿಯಾಯಿತು. ದೃಷ್ಟಿಯು ಮರಳಿ ಬಂದಿತಾದರೂ ಸೂಕ್ಷ್ಮದರ್ಶಕದ ಕೆಲಸವನ್ನು ಮೊದಲಿನಂತೆ ಮಾಡಲಾಗಲಿಲ್ಲ. ಹೀಗೆ ಸಣ್ಣದನ್ನು ನೋಡುವ ಬಾಗಿಲು ಮುಚ್ಚಿದಾಗ ಊರನ್ನೂ ಸಮಾಜವನ್ನೂ ನೋಡುವ ಬಾಗಿಲು ತೆರೆಯಿತು.

1880ರಿಂದ ಅವರು ಎಡಿನ್‌ಬರೋ ನಗರದಲ್ಲಿ ಸಸ್ಯಶಾಸ್ತ್ರದ ಬೋಧಕರಾಗಿದ್ದರು. 1886ರಲ್ಲಿ ಲಿವರ್‌ಪೂಲಿನ ಒಬ್ಬ ವರ್ತಕರ ಮಗಳೂ ಸಂಗೀತವಿದ್ಯೆಯಲ್ಲಿ ನಿಪುಣರೂ ಆದ ಆನಾ ಮಾರ್ಟನ್ ಎಂಬಾಕೆಯನ್ನು ವಿವಾಹವಾದರು. ಆ ಕಾಲದಲ್ಲಿ ಎಡಿನ್‌ಬರೋ ನಗರದ ಹಳೆಯ ಭಾಗವು ಕೊಳೆತು ನಾರುವ ಕೊಂಪೆಯಾಗಿತ್ತು. ಅನುಕೂಲಸ್ಥರೆಲ್ಲರೂ ಹೊಸ ಬಡಾವಣೆಗೆ ಹೋಗಿದ್ದರು. ಎತ್ತರವಾದ ಹಳೆಯ ಮನೆಗಳಲ್ಲಿ ಬಡವರು ಒಬ್ಬರ ಮೇಲೊಬ್ಬರು ಬಿದ್ದವರಂತೆ ವಾಸವಾಗಿದ್ದರು. ಈ ದಂಪತಿಗಳು ಹೊಸ ಬಡಾವಣೆಯಲ್ಲಿ ಸುಖವಾಗಿರಬಹುದಾಗಿದ್ದಾಗ್ಯೂ 1887ರಲ್ಲಿ ಜೇಮ್ಸ್ ಕೋರ್ಟ್ ಎಂಬ ಆ ಹಳೆಯ ಕೇರಿಯಲ್ಲಿಯೇ ಮನೆಮಾಡಿದರು. ನೆರೆಯವರನ್ನು ಸೇರಿಸಿಕೊಂಡು ಅಂಗಳವನ್ನು ಗುಡಿಸಿದರು, ಗೋಡೆಗಳಿಗೆ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂವಿನ ಗಿಡಗಳನ್ನಿಟ್ಟರು. ಪರರಿಗೆ ಉಪದೇಶ ಮಾಡುವುದಕ್ಕೆ ಮೊದಲು ಪೊರಕೆಯನ್ನು ಹಿಡಿದ ಪ್ರೊಫೆಸರರು ಎಷ್ಟು ಮಂದಿ ಇದ್ದಾರು!

ಅದೇ 1887ರಲ್ಲಿ ಅವರು ಎರಡು ಹೊಸ ಕಾರ್ಯಗಳನ್ನು ಆರಂಭಿಸಿದರು. ಈ ಲೇಖನದ ಮುಖ್ಯ ವಿಷಯವು ಇವೆರಡೇ. ಮೊದಲನೆಯದು, ಯೂನಿವರ್ಸಿಟಿ ಹಾಲ್ ಎಂಬ ವಿದ್ಯಾರ್ಥಿನಿಲಯ. ಆ ವರೆಗೆ ಎಡಿನ್‌ಬರೋ ವಿದ್ಯಾರ್ಥಿಗಳು ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿದ್ದು, ಉಪನ್ಯಾಸ ಕೇಳಿ, ಪರೀಕ್ಷೆ ಬರೆದು, ಒಬ್ಬರನ್ನೊಬ್ಬರು ಅರಿಯದೆ ಊರಿಗೆ ಹಿಂದಿರುಗುತ್ತಿದ್ದರು. ಗೆಡ್ಡಿಸರು ಹಳೆಯ ಕೇರಿಯ ಮನೆಗಳನ್ನೇ ದುರಸ್ತು ಮಾಡಿಸಿ, ಮೊದಲು ಕೆಲವೇ ಮಂದಿಯನ್ನು ಒಟ್ಟಿಗೆ ಇರಿಸಿದರು. ಈ ನಿಲಯದಲ್ಲಿ ಮೇಲ್ವಿಚಾರಕರ ಅಧಿಕಾರವಿರಲಿಲ್ಲ. ಮನೆಯ ಲೆಕ್ಕ, ಊಟದ ಏರ್ಪಾಡು, ನಿಯಮಗಳು, ಹೊಸಬರನ್ನು ಸೇರಿಸಿಕೊಳ್ಳುವುದು, ಎಲ್ಲವೂ ವಿದ್ಯಾರ್ಥಿಗಳ ಕೈಯಲ್ಲಿಯೇ ಇತ್ತು. ವೈದ್ಯ ಕಲಿಯುವವನೂ ನ್ಯಾಯಶಾಸ್ತ್ರ ಕಲಿಯುವವನೂ ಒಂದೇ ಮೇಜಿನಲ್ಲಿ ಉಂಡು, ಒಂದೇ ಲೆಕ್ಕಪುಸ್ತಕಕ್ಕೆ ಹೊಣೆಯಾಗಬೇಕಾಗಿತ್ತು.

ಎರಡನೆಯದು, ಬೇಸಗೆಯ ಕೂಟಗಳು. ಪ್ರತಿ ವರ್ಷವೂ ಆಗಸ್ಟ್ ತಿಂಗಳಲ್ಲಿ, ವಿಶ್ವವಿದ್ಯಾನಿಲಯಕ್ಕೆ ರಜೆಯಿರುವಾಗ, ಬ್ರಿಟನ್ನಿನಿಂದಲೂ ಯೂರೋಪ್ ಖಂಡದಿಂದಲೂ ಅಮೇರಿಕದಿಂದಲೂ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಎಡಿನ್‌ಬರೋ ನಗರಕ್ಕೆ ಬಂದು ಸೇರುತ್ತಿದ್ದರು. ಫ್ರಾನ್ಸಿನ ಭೂಗೋಳ ಪಂಡಿತರಾದ ಎಲಿಸೇ ರೆಕ್ಲೂ, ಜರ್ಮನಿಯ ಜೀವಶಾಸ್ತ್ರಜ್ಞರಾದ ಹೆಕೆಲ್ ಮೊದಲಾದವರು ಅಲ್ಲಿಗೆ ಬಂದರು. ಬೆಳಗ್ಗೆ ಉಪನ್ಯಾಸಗಳು, ಮಧ್ಯಾಹ್ನದ ಮೇಲೆ ಗುಡ್ಡ, ಕಡಲತೀರ, ಹಳೆಯ ಕೇರಿ ಇವುಗಳಿಗೆ ಕಾಲ್ನಡಿಗೆ. ಜೀವಶಾಸ್ತ್ರ, ಭೂಗೋಳ, ಚರಿತ್ರೆ, ಅರ್ಥಶಾಸ್ತ್ರ, ಚಿತ್ರಕಲೆ ಇವೆಲ್ಲವೂ ಒಂದೇ ಸೀಮೆಯನ್ನು ನೋಡುವ ಹಲವು ಕಣ್ಣುಗಳೆಂಬುದೇ ಅಲ್ಲಿನ ಪಾಠ. ಈ ಕೂಟಗಳು 1899ರ ವರೆಗೆ ನಡೆದವು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಸ್ಕಾಟ್ಲೆಂಡಿನ ವಿಶ್ವವಿದ್ಯಾನಿಲಯಗಳು ಪದವಿಪರೀಕ್ಷೆಗಳಿಗೆ ಸ್ತ್ರೀಯರನ್ನು ಸೇರಿಸಿಕೊಂಡದ್ದು 1892ರಲ್ಲಿ. ಆದರೆ ಅದಕ್ಕೆ ಐದು ವರ್ಷ ಮೊದಲೇ ಗೆಡ್ಡಿಸರ ಕೂಟದಲ್ಲಿ ಸ್ತ್ರೀಯರು ಪುರುಷರೊಡನೆ ಸಮಾನವಾಗಿ ಕುಳಿತು ಕಲಿತರು, ಗುಡ್ಡ ಹತ್ತಿದರು, ನಕ್ಷೆ ಬರೆದರು. ಬಂದವರಲ್ಲಿ ಶಾಲೆಗಳ ಉಪಾಧ್ಯಾಯಿನಿಯರು ಬಹು ಮಂದಿ ಇದ್ದರು. ಆ ಕೂಟಗಳು ನಡೆಯುವುದಕ್ಕೆ ಬೇಕಾದ ಮನೆ, ಊಟ, ಲೆಕ್ಕ, ಸಂಗೀತ, ಅತಿಥಿಸತ್ಕಾರ ಇವುಗಳ ಭಾರವೆಲ್ಲ ಆನಾ ಅವರ ಮೇಲೆ ಬಿದ್ದಿತ್ತು. ಪತಿಯು ಒಂದು ಕೆಲಸ ಮುಗಿಯುವ ಮೊದಲೇ ಹತ್ತು ಕೆಲಸಗಳನ್ನು ಹೊಳೆಯಿಸಿಕೊಳ್ಳುವವರು; ಪತ್ನಿಯು ಅವುಗಳಲ್ಲಿ ಸಾಧ್ಯವಾದುದನ್ನು ನಡೆಯಿಸುವವರು. ಚರಿತ್ರೆಗಳಲ್ಲಿ ಆಕೆಯ ಹೆಸರು ಒಂದೆರಡು ಪಂಕ್ತಿಗಳಲ್ಲಿ ಮುಗಿದುಹೋಗುತ್ತದೆ. ಆದರೆ ಆಕೆಯಿಲ್ಲದೆ ಆ ಕೂಟಗಳು ಎರಡನೆಯ ವರ್ಷವನ್ನು ಕಾಣುತ್ತಿದ್ದವೆಂದು ನಮಗೆ ತೋರುವುದಿಲ್ಲ. ಹಲವರು ಕೂಡಿ ಮಾಡುವ ಯಾವ ಕೆಲಸದಲ್ಲಿಯೂ ಹೆಸರಿಲ್ಲದೆ ದುಡಿಯುವ ಒಂದು ಕೈ ಇರುತ್ತದೆ. ಆ ಕೈಗೆ ಸಲ್ಲಬೇಕಾದ ಮಾನವನ್ನು ಸಲ್ಲಿಸುವುದನ್ನೂ ಗುಂಪಿನಲ್ಲಿ ಕಲಿಯುವವರು ಕಲಿಯಬೇಕು.

1892ರಲ್ಲಿ ಗೆಡ್ಡಿಸರು ಎಡಿನ್‌ಬರೋ ಕೋಟೆಯ ಸಮೀಪದಲ್ಲಿರುವ ಒಂದು ಎತ್ತರವಾದ ಕಟ್ಟಡವನ್ನು ವಹಿಸಿಕೊಂಡು ಅದಕ್ಕೆ ಔಟ್‌ಲುಕ್ ಟವರ್, ಅಂದರೆ ದರ್ಶನಗೋಪುರವೆಂದು ಹೆಸರಿಟ್ಟರು. ಅದರ ತುದಿಯಲ್ಲಿ ಕತ್ತಲೆಯ ಕೋಣೆಯೊಂದಿದೆ. ಕನ್ನಡಿ ಮತ್ತು ಮಸೂರಗಳ ಮೂಲಕ ಹೊರಗಣ ನಗರವು ಚಲಿಸುವ ಚಿತ್ರವಾಗಿ ಅಲ್ಲಿನ ಬಿಳಿಯ ಮೇಜಿನ ಮೇಲೆ ಬೀಳುತ್ತದೆ. ನೋಡುವವರು ಮೊದಲು ತುದಿಗೆ ಹತ್ತಿ ನಗರವನ್ನೆಲ್ಲ ಒಟ್ಟಿಗೆ ಕಾಣಬೇಕು. ಆಮೇಲೆ ಒಂದೊಂದೇ ಅಂತಸ್ತು ಇಳಿಯುತ್ತ ಎಡಿನ್‌ಬರೋ, ಸ್ಕಾಟ್ಲೆಂಡ್, ಆಂಗ್ಲಭಾಷೆಯ ದೇಶಗಳು, ಯೂರೋಪ್, ಕಟ್ಟಕಡೆಗೆ ಪ್ರಪಂಚ ಇವುಗಳ ನಕ್ಷೆಗಳನ್ನೂ ವಸ್ತುಗಳನ್ನೂ ನೋಡಬೇಕು. ನಡುವೆ ಒಂದು ಕುರ್ಚಿ ಮಾತ್ರವಿದ್ದ ಸಣ್ಣ ಕೋಣೆ. ನೋಡಿದ್ದನ್ನು ಒಬ್ಬರೇ ಕುಳಿತು ಆಲೋಚಿಸುವುದಕ್ಕೆ ಅದು ಇದ್ದಿತು. ಗುಂಪಿನಲ್ಲಿ ಕಲಿಯುವುದನ್ನು ಇಷ್ಟು ಬಲವಾಗಿ ಹೇಳಿದವರು ಒಂಟಿಯಾಗಿ ಆಲೋಚಿಸುವುದಕ್ಕೂ ಸ್ಥಳ ಬಿಟ್ಟಿದ್ದರೆಂಬುದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಈ ಮಧ್ಯೆ 1888ರಲ್ಲಿ ಎಡಿನ್‌ಬರೋ ನಗರದ ಸಸ್ಯಶಾಸ್ತ್ರ ಪ್ರೊಫೆಸರ್ ಪದವಿಗೆ ಅವರು ಅರ್ಜಿ ಹಾಕಿ ಸೋತರು. ಆದರೆ ಒಬ್ಬ ಮಿತ್ರರ ಔದಾರ್ಯದಿಂದ ಡಂಡಿ ನಗರದ ಕಾಲೇಜಿನಲ್ಲಿ ಅವರಿಗಾಗಿಯೇ ಒಂದು ಪೀಠವು ಏರ್ಪಟ್ಟಿತು. ಅಲ್ಲಿ ವರ್ಷಕ್ಕೆ ಮೂರು ತಿಂಗಳ ಕಾಲ ಮಾತ್ರ ಬೋಧಿಸಿದರೆ ಸಾಕಾಗಿತ್ತು. ಉಳಿದ ಒಂಬತ್ತು ತಿಂಗಳನ್ನು ಅವರು ಲೋಕದಲ್ಲಿ ಕಳೆದರು. 1889ರಲ್ಲಿ ಆರ್ಥರ್ ಥಾಮ್ಸನ್ ಎಂಬವರೊಡನೆ ಕೂಡಿ ಜೀವವಿಕಾಸವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅನೇಕ ರಾಷ್ಟ್ರಗಳವರಿಗಾಗಿ ಬೇಸಗೆಯ ಪಾಠಶಾಲೆಯನ್ನು ನಡೆಯಿಸಿದರು. ಪಟ್ಟಣಗಳ ಚರಿತ್ರೆಯನ್ನು ನಕ್ಷೆಗಳಿಂದಲೂ ಚಿತ್ರಪಟಗಳಿಂದಲೂ ತೋರಿಸುವ ಅವರ ಪ್ರದರ್ಶನವು 1913ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಬಹುಮಾನವನ್ನು ಪಡೆಯಿತು. ಮಗಳಾದ ನೋರಾ ಹಳೆಯ ಎಡಿನ್‌ಬರೋ ನಗರದ ಬೀಳು ಜಾಗಗಳನ್ನು ಮಕ್ಕಳ ತೋಟಗಳನ್ನಾಗಿ ಮಾಡುವ ಕೆಲಸವನ್ನು ಕೈಕೊಂಡರು.

1914ರಲ್ಲಿ ಮದರಾಸಿನ ಗವರ್ನರರಾಗಿದ್ದ ಲಾರ್ಡ್ ಪೆಂಟ್ಲೆಂಡರ ಆಮಂತ್ರಣದ ಮೇರೆಗೆ ಗೆಡ್ಡಿಸರು ಇಂಡಿಯಾ ದೇಶಕ್ಕೆ ಬಂದರು. ಅವರ ಪ್ರದರ್ಶನದ ಸಾಮಾನುಗಳೆಲ್ಲ ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡು ಹಾರಿಸಿದ ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆಯು ಆ ಹಡಗನ್ನು ಹಿಂದೂ ಮಹಾಸಾಗರದಲ್ಲಿ ಮುಳುಗಿಸಿಬಿಟ್ಟಿತು. ಎಷ್ಟೋ ವರ್ಷಗಳ ಸಂಗ್ರಹವು ನೀರುಪಾಲಾಯಿತು. ಆದರೆ ಊರೂರುಗಳಲ್ಲಿದ್ದ ಮಿತ್ರರು ಹೊಸ ನಕ್ಷೆಗಳನ್ನೂ ಚಿತ್ರಗಳನ್ನೂ ಕೂಡಿಸಿ ಕಳುಹಿಸಿದ್ದರಿಂದ 1915ರ ಆರಂಭದಲ್ಲಿಯೇ ಮದರಾಸಿನಲ್ಲಿ ಪ್ರದರ್ಶನವು ನಡೆಯಿತು. ಹಲವರು ಕೂಡಿ ಮಾಡಿದ ಕೆಲಸವು ಒಬ್ಬನ ಪೆಟ್ಟಿಗೆಯಲ್ಲಿ ಮಾತ್ರ ಇರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಡ.

ಆ ಮೇಲೆ ಅವರು ದಕ್ಷಿಣದ ಅನೇಕ ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ನೋಡಿ ವರದಿಗಳನ್ನು ಬರೆದರು. ಮಧುರೆ, ತಂಜಾವೂರು, ಕೊಯಮತ್ತೂರುಗಳೊಡನೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದು 1953ರಲ್ಲಿ ಮೈಸೂರು ರಾಜ್ಯವನ್ನು ಕೂಡಿದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು. ಆ ಕಾಲದ ಎಂಜಿನಿಯರರು ಕಚೇರಿಯಲ್ಲಿ ಕುಳಿತು ನಕ್ಷೆಯ ಮೇಲೆ ನೇರವಾದ ಗೆರೆಯನ್ನೆಳೆದು, ಅಡ್ಡ ಬಂದ ಮನೆಗಳನ್ನೆಲ್ಲ ಕೆಡವಿಸುತ್ತಿದ್ದರು. ಗೆಡ್ಡಿಸರ ಮಾರ್ಗವೇ ಬೇರೆ. ಬಲ್ಲ ವೈದ್ಯನು ಕತ್ತಿಯನ್ನು ಎಷ್ಟು ಬೇಕೋ ಅಷ್ಟೇ ಆಡಿಸುವಂತೆ, ಬಿದ್ದುಹೋದ ಕೆಲವು ಮನೆಗಳನ್ನು ಮಾತ್ರ ತೆಗೆದು, ಬಾವಿ, ಮರ, ಗುಡಿ, ಓಣಿಗಳನ್ನು ಉಳಿಸಿ, ಗಾಳಿ ಬೆಳಕಿಗೆ ಎಡೆಮಾಡಬೇಕೆಂದು ಅವರು ತೋರಿಸಿದರು. ಚಳಿಜ್ವರದ ಭಯದಿಂದ ಕೆರೆಗಳನ್ನು ಮುಚ್ಚುವುದಕ್ಕೆ ಬದಲಾಗಿ ಅವುಗಳನ್ನು ಶುಚಿಗೊಳಿಸಿ, ಸೊಳ್ಳೆಯ ಮರಿಗಳನ್ನು ತಿನ್ನುವ ಮೀನುಗಳನ್ನೂ ಬಾತುಕೋಳಿಗಳನ್ನೂ ಬಿಡಬೇಕೆಂದರು. ಒಂದು ಕೆರೆಯನ್ನು ಕುರಿತು ಇಷ್ಟು ತಿಳಿಯಬೇಕಾದರೆ ವೈದ್ಯನೂ ಜೀವಶಾಸ್ತ್ರದವನೂ ಎಂಜಿನಿಯರನೂ ಚರಿತ್ರೆ ಬಲ್ಲವನೂ ಅಲ್ಲಿಂದ ದಿನವೂ ಕೊಡ ಹೊತ್ತು ತರುವ ಹೆಂಗಸೂ ಒಂದೇ ದಂಡೆಯ ಮೇಲೆ ನಿಂತು ಮಾತನಾಡಬೇಕಲ್ಲವೆ?

1917ನೆಯ ಇಸವಿಯು ಅವರಿಗೆ ದುಃಖದ ವರ್ಷವಾಯಿತು. ಜಗದೀಶಚಂದ್ರ ಬೋಸರೂ ರವೀಂದ್ರನಾಥ ಠಾಕೂರರೂ ಭಾಗಿಗಳಾದ ಬೇಸಗೆಯ ಕೂಟವನ್ನು ಅವರು ಡಾರ್ಜಿಲಿಂಗಿನಲ್ಲಿ ನಡೆಯಿಸಿದರು. ಅದೇ ಸಮಯದಲ್ಲಿ ಆನಾ ಅವರು ಜ್ವರದಿಂದ ಹಾಸಿಗೆ ಹಿಡಿದಿದ್ದರು. ಹಿರಿಯ ಮಗನಾದ ಅಲಸ್ಟೇರನು ಫ್ರಾನ್ಸಿನ ಯುದ್ಧಭೂಮಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಮಡಿದ ಸುದ್ದಿಯು ಬಂದಿತು. ಸುದ್ದಿಯನ್ನು ತಿಳಿಸಿದರೆ ಆಕೆಯ ಪ್ರಾಣಕ್ಕೆ ಅಪಾಯವೆಂದು ಹೆದರಿ, ಮಗನ ಹಳೆಯ ಪತ್ರಗಳನ್ನೇ ಪತ್ನಿಗೆ ಓದಿ ಹೇಳುತ್ತಿದ್ದರು. ಜೂನ್ ತಿಂಗಳಲ್ಲಿ ಆನಾ ಅವರು ಮಗನ ಮರಣವನ್ನು ಅರಿಯದೆಯೇ ಕಲ್ಕತ್ತೆಯಲ್ಲಿ ತೀರಿಕೊಂಡರು. ಮೂವತ್ತೊಂದು ವರ್ಷ ಎಲ್ಲ ಭಾರವನ್ನೂ ಹೊತ್ತ ಸಂಗಾತಿಯನ್ನೂ, ತಮ್ಮ ಕೆಲಸವನ್ನು ಮುಂದುವರಿಸುವನೆಂದು ನಂಬಿದ್ದ ಮಗನನ್ನೂ ಒಂದೇ ಬೇಸಗೆಯಲ್ಲಿ ಕಳೆದುಕೊಂಡ ಮೇಲೆಯೂ ಅವರು ಕೆಲಸವನ್ನು ಬಿಡಲಿಲ್ಲ.

ಇಂದೂರು ಸಂಸ್ಥಾನದಲ್ಲಿ ಅವರು ಮಾಡಿದ ಕಾರ್ಯವು ಪ್ರಸಿದ್ಧವಾದದ್ದು. ಪ್ಲೇಗಿನಿಂದ ಪೀಡಿತವಾಗಿದ್ದ ಆ ನಗರದಲ್ಲಿ ಅವರು ದೀಪಾವಳಿಯ ಹಬ್ಬವನ್ನೇ ಶುಚಿತ್ವದ ಪಾಠವನ್ನಾಗಿ ಮಾಡಿದರು. ಯಾವ ಬೀದಿಯವರು ತಮ್ಮ ಮನೆಗಳನ್ನು ಹೆಚ್ಚಾಗಿ ಶುಚಿಮಾಡುವರೋ ಆ ಬೀದಿಯಲ್ಲಿ ಮೆರವಣಿಗೆಯು ಹೋಗುವುದೆಂದು ಸಾರಿದರು. ಮೆರವಣಿಗೆಯಲ್ಲಿ ಪ್ಲೇಗನ್ನು ತರುವ ಇಲಿಯ ದೊಡ್ಡ ಪ್ರತಿಮೆಯೂ ಕೊಳೆಯ ರಾಕ್ಷಸನೂ ಬಂದು ಕಡೆಗೆ ಸುಟ್ಟುಹೋದರು. ಬಿಳಿಯ ಬಟ್ಟೆ ತೊಟ್ಟ ಝಾಡಮಾಲಿಗಳು ಹೂಮಾಲೆಗಳೊಡನೆ ಗೌರವದಿಂದ ನಡೆದರು. 1918ರಲ್ಲಿ ಅಚ್ಚಾದ ಇಂದೂರಿನ ವರದಿಯಲ್ಲಿ ಅವರು ಮಧ್ಯ ಇಂಡಿಯಾಕ್ಕೆ ಒಂದು ಹೊಸ ವಿಶ್ವವಿದ್ಯಾನಿಲಯದ ಯೋಜನೆಯನ್ನೂ ಸೇರಿಸಿದರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವ ಕಾರ್ಖಾನೆಯಾಗದೆ, ಶಾಸ್ತ್ರಗಳೆಲ್ಲ ಕೂಡಿ ಸುತ್ತಣ ಊರುಗಳ ಸೇವೆ ಮಾಡುವ ವಿದ್ಯಾಪೀಠವು ಅದಾಗಬೇಕಾಗಿತ್ತು. ಅದು ಅವರ ಕಾಲದಲ್ಲಿ ಕಾಗದದ ಮೇಲೆಯೇ ಉಳಿಯಿತು.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರಗಳ ವಿಭಾಗವನ್ನು ಸ್ಥಾಪಿಸಿ ಗೆಡ್ಡಿಸರನ್ನು ಅದರ ಮೊದಲನೆಯ ಪ್ರೊಫೆಸರರನ್ನಾಗಿ ನೇಮಿಸಿತು. ಅಲ್ಲಿ ಅವರು 1924ರ ವರೆಗೆ ಬೋಧಿಸಿದರು. ಅವರು ಆರಿಸಿ ಇಂಗ್ಲೆಂಡಿಗೆ ಕಳುಹಿಸಿದ ಜಿ. ಎಸ್. ಘುರ್ಯೆಯವರು ಹಿಂದಿರುಗಿ ಬಂದು 1924ರಲ್ಲಿ ಆ ವಿಭಾಗದ ಮುಖ್ಯಸ್ಥರಾದರು. ಘುರ್ಯೆಯವರ ಶಿಷ್ಯರಲ್ಲಿ ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ಒಬ್ಬರು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದುಕೊಂಡು ಅಲ್ಲಿನ ಜನಜೀವನವನ್ನು ಅಭ್ಯಾಸ ಮಾಡಿದರು. ಕೊಡವರನ್ನು ಕುರಿತ ಅವರ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಇರಾವತಿ ಕರ್ವೆಯವರೂ ಘುರ್ಯೆಯವರ ಶಿಷ್ಯೆಯೇ. ಗೆಡ್ಡಿಸರ ಪದ್ಧತಿಯು ಹಾಗೆಯೇ ಶಿಷ್ಯಪರಂಪರೆಗೆ ಬಂದಿತೆಂದು ನಾವು ಹೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಆದರೆ ಆ ದಾರಿಗೆ ಬಾಗಿಲು ತೆರೆದ ಮನೆಯ ಮೊದಲ ಯಜಮಾನರು ಇವರೇ.

ಮುಂಬಯಿಯಲ್ಲಿದ್ದ ಕಾಲದಲ್ಲಿಯೇ, ಅಂದರೆ 1920ರಲ್ಲಿ, ಅವರು ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಠಾಕೂರರೊಡನೆ ಅವರಿಗೆ ಪತ್ರವ್ಯವಹಾರವಿತ್ತು. ಕಿರಿಯ ಮಗನಾದ ಆರ್ಥರನು ಶ್ರೀನಿಕೇತನದ ಗ್ರಾಮಸೇವೆಯಲ್ಲಿ ಕೆಲವು ಕಾಲ ದುಡಿದನು. ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯಕ್ಕೆ 1919ರಲ್ಲಿಯೂ, ಟೆಲ್ ಅವೀವ್ ನಗರಕ್ಕೆ 1925ರಲ್ಲಿಯೂ ಅವರು ಯೋಜನೆಗಳನ್ನು ಬರೆದರು.

ದೇಹಸ್ಥಿತಿಯು ಕೆಟ್ಟದ್ದರಿಂದ 1924ರಲ್ಲಿ ಇಂಡಿಯಾವನ್ನು ಬಿಟ್ಟು ದಕ್ಷಿಣ ಫ್ರಾನ್ಸಿನ ಮೋಪೆಲಿಯೇ ನಗರಕ್ಕೆ ಹೋದರು. ಎಪ್ಪತ್ತನೆಯ ವಯಸ್ಸಿನಲ್ಲಿ ಇತರರು ವಿಶ್ರಾಂತಿಯನ್ನು ಬಯಸಿದರೆ ಇವರು ಊರ ಹೊರಗಣ ಕಲ್ಲುಗುಡ್ಡದಲ್ಲಿ ಸ್ಕಾಟಿಷ್ ಕಾಲೇಜು ಎಂಬ ಹೊಸ ವಿದ್ಯಾರ್ಥಿನಿಲಯವನ್ನು ಕಟ್ಟಿಸತೊಡಗಿದರು. ಅದರ ಮಗ್ಗುಲಲ್ಲಿ ಇಂಡಿಯಾದವರಿಗೂ ಇತರ ದೇಶದವರಿಗೂ ಮನೆಗಳೆದ್ದು, ಎಲ್ಲ ದೇಶಗಳ ವಿದ್ಯಾರ್ಥಿಗಳೂ ನೆರೆಹೊರೆಯಾಗಿದ್ದು, ಆ ಸೀಮೆಯನ್ನೇ ಪಠ್ಯಪುಸ್ತಕವಾಗಿ ಮಾಡಿಕೊಂಡು, ತೋಟದಲ್ಲಿ ಕೈಕೆಸರು ಮಾಡಿಕೊಂಡು ಕಲಿಯಬೇಕೆಂಬುದು ಅವರ ಆಶೆ. ಇಂಡಿಯಾದ ವಿದ್ಯಾರ್ಥಿಗಳು ಕೆಲವರು ಅಲ್ಲಿಗೆ ಹೋದರು ಸಹ. ಹಿಂದೊಮ್ಮೆ ನಿರಾಕರಿಸಿದ್ದ ಸರ್ ಎಂಬ ಬಿರುದನ್ನು 1932ರಲ್ಲಿ ಸ್ವೀಕರಿಸಿ, ಅದೇ ವರ್ಷ ಏಪ್ರಿಲ್ 17ರಲ್ಲಿ ಅವರು ಮೋಪೆಲಿಯೇ ನಗರದಲ್ಲಿಯೇ ದೈವಾಧೀನರಾದರು. ಆಗ ಅವರಿಗೆ ಎಪ್ಪತ್ತೇಳು ವರ್ಷ ವಯಸ್ಸು.

ಇಂತಹ ಮಹನೀಯರಲ್ಲಿ ಕುಂದುಗಳಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಲೋಪವಾದೀತು. ಅವರ ಮಾತು ಗಡ್ಡದೊಳಗೇ ಉಳಿದು ಸಭೆಗೆ ಕೇಳಿಸುತ್ತಿರಲಿಲ್ಲವಂತೆ. ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವ ವೇಗದಲ್ಲಿ ಕೇಳುವವರು ಹಿಂದೆ ಬೀಳುತ್ತಿದ್ದರು. ಕೊಂಡ ಮನೆಗಳಿಗೆ ಹಣ ಸಾಲದೆ, 1896ರಲ್ಲಿ ಮಿತ್ರರು ಒಂದು ಸಂಘವನ್ನು ಮಾಡಿಕೊಂಡು ಆ ಆಸ್ತಿಯನ್ನು ವಹಿಸಿಕೊಳ್ಳಬೇಕಾಯಿತು. ಅವರು ಸ್ವತಃ ಇದ್ದಲ್ಲೆಲ್ಲ ಉತ್ಸಾಹವು ಉಕ್ಕಿತು. ಅವರು ಹೋದ ಮೇಲೆ ಅನೇಕ ಕಡೆಗಳಲ್ಲಿ ಅದು ಆರಿತು. ಇದರಿಂದಲೂ ನಾವು ಕಲಿಯಬೇಕಾದದ್ದುಂಟು. ಗುರುವಿನ ಮಾತಿನ ಬಲದಿಂದ ನಡೆದ ಕೂಟಗಳು ಗುರುವಿನೊಡನೆ ನಿಂತವು. ಆದರೆ ವಿದ್ಯಾರ್ಥಿಗಳೇ ಹೊಣೆಹೊತ್ತು ನಡೆಯಿಸಿದ ನಿಲಯವು ಅವರು ಎಡಿನ್‌ಬರೋ ನಗರವನ್ನು ಬಿಟ್ಟ ಮೇಲೆಯೂ ಬಹುಕಾಲ ನಡೆಯಿತು. ಹಲವು ದೇಶದವರನ್ನೂ ಹಲವು ಶಾಸ್ತ್ರದವರನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿದ ಮಾತ್ರಕ್ಕೆ ಅವರು ಗುಂಪಾಗುವುದಿಲ್ಲ. ಅವರೆಲ್ಲರ ಮುಂದೆ ಒಂದು ನಿಜವಾದ ಊರಿನ ಒಂದು ನಿಜವಾದ ಕೆಲಸವಿರಬೇಕು. ಅದು ಕೆಟ್ಟರೆ ತಮ್ಮದೇ ತಪ್ಪೆನ್ನುವ ಹೊಣೆಯೂ ಅವರ ಮೇಲಿರಬೇಕು.

ಗೆಡ್ಡಿಸರು ಕಾಲವಾದ ಎಷ್ಟೋ ವರ್ಷಗಳ ಮೇಲೆ ಇದೇ ಬಗೆಯ ಕಲಿಕೆಯು ಲೋಕದಲ್ಲಿ ವ್ಯವಸ್ಥಿತವಾಗಿ ನೆಲೆಗೊಂಡಿತು. 1974ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಸ್ಥಾಪಿತವಾದ ಆಲ್ಬೋರ್ ವಿಶ್ವವಿದ್ಯಾನಿಲಯವು ಗುಂಪುಗಳ ಪ್ರಾಜೆಕ್ಟುಗಳನ್ನೇ ವಿದ್ಯಾಭ್ಯಾಸದ ತಳಹದಿಯಾಗಿ ಮಾಡಿಕೊಂಡಿತು. 1995ರಲ್ಲಿ ಅದೇ ದೇಶದಲ್ಲಿ ಆರಂಭವಾದ ಯೂರೋಪಿಯನ್ ಪ್ರಾಜೆಕ್ಟ್ ಸೆಮಿಸ್ಟರ್ ಎಂಬ ಏರ್ಪಾಡಿನಲ್ಲಿ ಬೇರೆ ಬೇರೆ ದೇಶಗಳ, ಬೇರೆ ಬೇರೆ ವಿದ್ಯೆಗಳ ವಿದ್ಯಾರ್ಥಿಗಳು ಸಣ್ಣ ಗುಂಪುಗಳಾಗಿ ಅರ್ಧ ವರ್ಷ ಒಂದೇ ಕೆಲಸದಲ್ಲಿ ತೊಡಗುತ್ತಾರೆ. ಇವರೆಲ್ಲರೂ ಗೆಡ್ಡಿಸರನ್ನು ಓದಿಯೇ ಆರಂಭಿಸಿದರೆಂದು ನಮ್ಮ ಅಭಿಪ್ರಾಯವಲ್ಲ. ಸತ್ಯವಾದ ದಾರಿಯನ್ನು ಬೇರೆ ಬೇರೆ ಕಾಲದವರು ಬೇರೆ ಬೇರೆ ಕಡೆಯಿಂದ ಕಂಡುಹಿಡಿಯುವುದುಂಟು. ದರ್ಶನಗೋಪುರವೂ ಅದರ ತುದಿಯ ಕತ್ತಲೆಯ ಕೋಣೆಯೂ ಎಡಿನ್‌ಬರೋ ನಗರದಲ್ಲಿ ಇಂದಿಗೂ ಇವೆ. ಮೇಜಿನ ಮೇಲೆ ಬೀಳುವ ನಗರದ ಚಿತ್ರವನ್ನು ಜನರು ಇಂದಿಗೂ ನೋಡಿ ಬೆರಗಾಗುತ್ತಾರೆ.

ಪ್ರಿಯ ತಂದೆತಾಯಿಗಳೇ, ನಿಮ್ಮ ಮಗಳು ಕಾಲೇ‍ಜಿನಿಂದ ಬಂದು, ಇಂದು ಪಾಠವಾಗಲಿಲ್ಲ, ಕೆರೆಯ ಸುತ್ತ ನಡೆದೆವೆಂದು ಹೇಳಿದರೆ, ಆ ದಿನವು ವ್ಯರ್ಥವಾಯಿತೆಂದು ಕೂಡಲೇ ತೀರ್ಮಾನಿಸಬೇಡಿರಿ. ಅಂಕಗಳನ್ನು ಅಲಕ್ಷ್ಯ ಮಾಡಿರೆಂದು ನಾವು ಹೇಳುವವರಲ್ಲ; ಅಂಕಗಳಿಲ್ಲದೆ ಬಾಗಿಲುಗಳು ತೆರೆಯುವುದಿಲ್ಲವೆಂಬುದನ್ನು ನಾವೂ ಬಲ್ಲೆವು. ಆದರೆ ಇನ್ನು ಮೂರು ಪ್ರಶ್ನೆಗಳನ್ನು ಸಹ ಕೇಳಿರಿ: ಅಲ್ಲಿ ಏನನ್ನು ಕಂಡೆ? ಯಾರೊಡನೆ ಕೂಡಿ ಕಂಡೆ? ಅದರಲ್ಲಿ ನಿನ್ನ ಪಾಲಿನ ಕೆಲಸವೇನು? ಈ ಮೂರಕ್ಕೂ ಆಕೆಯು ತಡವರಿಸದೆ ಉತ್ತರ ಕೊಟ್ಟರೆ ಆ ದಿನದ ಪಾಠವು ಚೆನ್ನಾಗಿಯೇ ನಡೆದಿದೆಯೆಂದು ಸಂತೋಷಪಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಾದರೋ, ತಾವು ನೆಲಸಿರುವ ಊರುಗಳಲ್ಲಿ ಆನಾ ಗೆಡ್ಡಿಸರಂತೆ ಹೆಸರಿಲ್ಲದೆ ದುಡಿಯುವವರನ್ನು ಗುರುತಿಸಲಿ, ಸಾಧ್ಯವಾದರೆ ಅವರ ಕೈಗೆ ತಮ್ಮ ಕೈಯನ್ನು ಕೂಡಿಸಲಿ ಎಂದು ಹಾರೈಸಿ ಈ ಚರಿತ್ರೆಯನ್ನು ಮುಗಿಸುತ್ತೇವೆ.